ಅಪ್ಪಂ ಅಕ್ಕನ ಕನ್ನಡ

ನಮ್ಮ ಬೀದಿಯಲ್ಲಿ ಯಾವ ಮನೆಯವರು ಯಾವ ಜನ ಎಂದು ತಿಳಿಯಲು ಯಾರ ಹೆಸರನ್ನೂ ಕೇಳಬೇಕಾಗಿರಲಿಲ್ಲ. ಭಾನುವಾರ ಬೆಳಿಗ್ಗೆ, ಅಪ್ಪಂ ಮಾಡಿ ಮಾರುವ ಅಕ್ಕನ ಜಗಲಿಯ ಮೇಲೆ ಸಾಲಾಗಿ ಕೂತ ಪಾತ್ರೆಗಳನ್ನು ನೋಡಿದರೆ ಸಾಕಿತ್ತು. ಕಲಾಯಿ ಹಾಕಿದ ಅಗಲ ಡಬರಿ ಎದುರು ಮನೆಯ ಭಾಯಿಯದು. ಅವರ ಮನೆಯಲ್ಲಿ ಹಿಂದಿನ ಸಂಜೆಯಿಂದಲೇ ಕುರಿಕಾಲಿನ ಪಾಯಾ ಕುದಿಯುತ್ತಿರುತ್ತದೆ. ಹೂವಿನ ಚಿತ್ರವಿರುವ ಗಾಜಿನ ಬೋಗುಣಿ ಮೂಲೆ ಮನೆಯ ಆಂಗ್ಲೋ ಇಂಡಿಯನ್ ಮುದುಕರದು. ಅವರು ಚರ್ಚಿಗೆ ಹೋಗುವಾಗ ಇಟ್ಟು, ಬರುವಾಗ ತುಂಬಿಸಿಕೊಂಡು ಹೋಗುತ್ತಾರೆ. ಅಂಚಿನಲ್ಲಿ ಹೆಸರು ಕೊರೆಸಿದ ಸ್ಟೀಲ್ ಡಬ್ಬಿ ನಮ್ಮದು. ಪಾತ್ರೆಗೆ ಹೆಸರು ಕೊರೆಸುವ ಹುಚ್ಚು ನಮ್ಮ ಜನಕ್ಕಿರುವಷ್ಟು ಇನ್ನಾರಿಗೂ ಇಲ್ಲ. ಡಬ್ಬಿಯ ಮೇಲಿರುವುದು ನನ್ನ ಅಪ್ಪನ ಹೆಸರು. ಅಪ್ಪ ಹೋಗಿ ಎಷ್ಟೋ ವರ್ಷವಾದರೂ ಅಕ್ಕನ ಜಗಲಿಯ ಮೇಲೆ ವಾರಕ್ಕೊಮ್ಮೆ ಅವರ ಸರದಿ ಬರುತ್ತಿತ್ತು.

ಅಷ್ಟೂ ಪಾತ್ರೆಗೆ ಬೀಳುತ್ತಿದ್ದುದು ಒಂದೇ ಅಪ್ಪಂ. ಅಂಚು ಗರಿಗರಿ, ನಡುವೆ ಮೆತ್ತಗೆ. ಭಾಯಿಯ ಮನೆಯವರು ಅದನ್ನು ಪಾಯಾದಲ್ಲಿ ಅದ್ದಿ ತಿನ್ನುತ್ತಿದ್ದರು, ಮೂಲೆ ಮನೆಯವರು ಸ್ಟ್ಯೂ ಜೊತೆ, ತೆಲುಗರ ಮನೆಯಲ್ಲಿ ಕಣ್ಣಲ್ಲಿ ನೀರು ಬರಿಸುವ ಕೆಂಪು ಚಟ್ನಿ ಜೊತೆ, ನಾವು ತೆಂಗಿನ ಹಾಲು ಸಕ್ಕರೆ ಹಾಕಿಕೊಂಡು. ನನ್ನ ಅಮ್ಮ ಮೊಟ್ಟೆ ಮುಟ್ಟದವರು. ಅವರಿಗಾಗಿ ಅಕ್ಕ ಮೊಟ್ಟೆ ಅಪ್ಪಂ ಹೊಯ್ಯದ ಒಂದು ಬಾಣಲೆಯನ್ನೇ ಬೇರೆ ಇಟ್ಟಿದ್ದರು, ಗುರುತಿಗೆ ಅದರ ಕಿವಿಗೆ ಹಳದಿ ದಾರ ಕಟ್ಟಿ. ಅಮ್ಮ ತೀರಿಕೊಂಡ ಮೇಲೂ ಆ ದಾರ ಹಾಗೇ ಇತ್ತು, ನಮ್ಮ ಡಬ್ಬಿಯ ಅಪ್ಪಂ ಅದರಲ್ಲೇ ಬೇಯುತ್ತಿತ್ತು. ರಂಜಾನ್ ತಿಂಗಳಲ್ಲಿ ಅಕ್ಕ ಬೆಳಗಿನ ಬದಲು ಸಂಜೆ ಒಲೆ ಹಚ್ಚುತ್ತಿದ್ದರು. ಶುಭ ಶುಕ್ರವಾರ ಮಾತ್ರ ಅವರ ಬಾಗಿಲು ಮುಚ್ಚಿರುತ್ತಿತ್ತು. ಅವತ್ತು ಯಾರೂ ಪಾತ್ರೆ ಇಡುತ್ತಿರಲಿಲ್ಲ.

ಅಕ್ಕ ತಮಿಳು ಮಾತಾಡುವ ಕ್ರೈಸ್ತರು. ಅವರ ಅಜ್ಜಿಯ ಕಾಲದಲ್ಲಿ ಆರ್ಕಾಟಿನ ಕಡೆಯಿಂದ ದಂಡು ಪ್ರದೇಶದ ಬಂಗಲೆಗಳ ಅಡಿಗೆಗೆ ಬಂದ ಕುಟುಂಬ; ಅಕ್ಕ ಹುಟ್ಟಿದ್ದು, ಮದುವೆಯಾದದ್ದು, ಗಂಡನನ್ನು ಕಳಕೊಂಡದ್ದು ಎಲ್ಲವೂ ಈ ಲಿಂಗರಾಜಪುರದಲ್ಲೇ. ನನ್ನ ಅಪ್ಪ ತುಮಕೂರಿನ ಕಡೆಯಿಂದ ಕಾರ್ಖಾನೆ ಕೆಲಸಕ್ಕೆಂದು ಬಂದವರು. ನಾನು ಹುಟ್ಟಿದ್ದು ಹಲಸೂರಿನ ಬಾಡಿಗೆ ಮನೆಯಲ್ಲಿ. ಲಿಂಗರಾಜಪುರದಲ್ಲಿ ಅಪ್ಪ ಸಣ್ಣ ಮನೆ ಕಟ್ಟಿಸಿದಾಗ ನಾನಿನ್ನೂ ಲಂಗದ ಹುಡುಗಿ, ಅಕ್ಕ ಹೊಸ ಮದುವಣಗಿತ್ತಿ. ನನ್ನ ಜಡೆಗೆ ಹೂ ಮುಡಿಸುತ್ತಾ, ಕೊಬ್ಬರಿ ತುರಿಯುತ್ತಾ ಅವರು ನನಗೆ ತಮಿಳು ಹಚ್ಚಿಬಿಟ್ಟರು. ನನ್ನನ್ನು ಕಣ್ಣು ಎಂದು ಕರೆಯುತ್ತಿದ್ದರು. ತಮಿಳಿನಲ್ಲಿ ಅದು ಮುದ್ದಿನ ಮಾತು. "ವಾ ಕಣ್ಣು, ಇನ್ನಿಕ್ಕಿ ಏನ್ ಇವ್ಳೋ ಲೇಟು?" ಎಂದು ತಡವಾಗಿ ಬಂದದ್ದಕ್ಕೆ ಗದರುವುದೂ ಅದರಲ್ಲೇ. ನನ್ನ ತಲೆ ನೆರೆತು, ಮಗಳಿಗೆ ಮದುವೆಯಾದರೂ ನಾನು ಅವರಿಗೆ ಕಣ್ಣುವೇ. ನನ್ನನ್ನು ಹಾಗೆ ಕರೆಯುವವರು ಈ ಭೂಮಿಯ ಮೇಲೆ ಅವರೊಬ್ಬರೇ ಉಳಿದಿದ್ದರು.

ಈ ಭಾಗದಲ್ಲಿ ಮಾತಿಗೆ ಒಂದು ಪದ್ಧತಿಯಿದೆ. ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಬರುತ್ತದೆ. ಎದುರಿಗಿರುವವರ ಬಾಯಿಗೆ ಯಾವ ಭಾಷೆ ಹಗುರವೋ ಅದರಲ್ಲಿ ನಾವು ಮಾತಾಡಬೇಕು. ಅವರು ಕಷ್ಟಪಟ್ಟು ನಮ್ಮ ಭಾಷೆಯಲ್ಲಿ ಕೇಳಿದರೂ ನಾವು ಅವರ ಭಾಷೆಗೆ ಹೊರಳಿಬಿಡಬೇಕು. ರಸೆಲ್ ಮಾರುಕಟ್ಟೆಯಲ್ಲಿ ನಿಂಬೆಹಣ್ಣು ಮಾರುವವನು ನನಗೆ ಕನ್ನಡದಲ್ಲಿ ಉತ್ತರ ಕೊಟ್ಟು, ಪಕ್ಕದವಳಿಗೆ ತಮಿಳಿನಲ್ಲಿ, ಅವಳ ಹಿಂದಿನವರಿಗೆ ದಖನಿ ಉರ್ದುವಿನಲ್ಲಿ, ಟೋಪಿ ಹಾಕಿದ ವಿದೇಶಿಯನಿಗೆ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳುತ್ತಾನೆ. ಅದು ಬುದ್ಧಿವಂತಿಕೆಯ ಪ್ರದರ್ಶನವಲ್ಲ. ಕೂರಲು ಕುರ್ಚಿ ಎಳೆದುಕೊಟ್ಟ ಹಾಗೆ. ಅಕ್ಕ ಇದರಲ್ಲಿ ಎತ್ತಿದ ಕೈ. ಜನ ಬಾಯಿ ತೆರೆದು ಎರಡು ಮಾತಾಡಿದರೆ ಸಾಕು, ಇವರು ಇಂಥ ಕಡೆಯವರು ಎಂದು ಅಂದಾಜು ಮಾಡಿ ಹೊರಳಿಬಿಡುತ್ತಿದ್ದರು. ಎದುರು ಮನೆಯ ಭಾಯಿಯ ಹೆಂಡತಿ ಆಪಾ ಜೊತೆ ದಖನಿ, ಮೂಲೆ ಮನೆಯವರ ಜೊತೆ ಇಂಗ್ಲಿಷು, ನನ್ನ ಅಮ್ಮನ ಜೊತೆ ಸೊಗಸಾದ ಕನ್ನಡ. ಅಮ್ಮ ಅವರ ಕನ್ನಡ ಕೇಳಿ, "ನಿನಗಿಂತ ಚೆನ್ನಾಗಿ ಮಾತಾಡ್ತಾಳೆ ಕಣೆ" ಎಂದು ನನ್ನನ್ನು ಚುಚ್ಚುತ್ತಿದ್ದರು. ನಾನು ಕನ್ನಡ ಟೀಚರ್ ಆಗಿದ್ದವಳು. ಅಮ್ಮನಿಗೆ ಚುಚ್ಚಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

ಈ ಪದ್ಧತಿಯ ಮೇಲೆ ನನಗೆ ಸಿಟ್ಟೂ ಇತ್ತು. ಅದನ್ನು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಫ್ರೇಜರ್ ಟೌನಿನ ಶಾಲೆಯೊಂದರಲ್ಲಿ ನಿವೃತ್ತಿಯವರೆಗೂ ಕನ್ನಡ ಕಲಿಸಿದೆ. ಮನೆಯಲ್ಲಿ ಕನ್ನಡವೇ ಇಲ್ಲದ ಮಕ್ಕಳು. "ಟೀಚರ್, ಪಾಸ್ ಆದ್ರೆ ಸಾಕು, ತಲೆ ಕೆಡಿಸ್ಕೋಬೇಡಿ" ಎಂದು ನಗುನಗುತ್ತಾ ಹೇಳುವ ಅಪ್ಪ ಅಮ್ಮಂದಿರು. ಎಲ್ಲರೂ ಎಲ್ಲರಿಗಾಗಿ ಹೊರಳಿ ಹೊರಳಿ, ಕೊನೆಗೆ ಯಾರೂ ಕನ್ನಡಕ್ಕೆ ಹೊರಳುವ ಅಗತ್ಯವೇ ಬೀಳುತ್ತಿರಲಿಲ್ಲ. ಈ ಮಕ್ಕಳ ಬಾಯಲ್ಲಿ ನಾಲ್ಕು ಸಾಲು ಕನ್ನಡ ಸರಾಗವಾಗಿ ಬರಲಿ ಎಂದು ನಾನು ಗಂಟಲು ಹರಿದುಕೊಂಡದ್ದು ಆ ಗೋಡೆಗಳಿಗೆ ಗೊತ್ತು. ಹಾಗೆಯೇ ನಮ್ಮ ಬೀದಿ ಸ್ವರ್ಗವೂ ಅಲ್ಲ. ಮನೆ ಬಾಡಿಗೆಗೆ ಕೊಡುವಾಗ ಯಾರು ಎಂಥವರು ಎಂಬ ಪಿಸುಮಾತು ಇಲ್ಲೂ ಇತ್ತು. ಪಾತ್ರೆಗಳು ಒಟ್ಟಿಗೆ ಕೂತಷ್ಟು ಸಲೀಸಾಗಿ ಮನುಷ್ಯರು ಕೂರುತ್ತಿರಲಿಲ್ಲ.

ಈಚಿನ ವರ್ಷಗಳಲ್ಲಿ ಬೀದಿಯ ಕೊನೆಯ ಹಳೆಯ ಮನೆಯನ್ನು ಕೆಡವಿ, ಮಹಡಿಯ ಮೇಲೆ ಮಹಡಿ ಏರಿಸಿ, ಬೆಂಕಿಪೊಟ್ಟಣದಂಥ ರೂಮುಗಳನ್ನು ಮಾಡಿದರು. ಅಲ್ಲಿಗೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು ಬಂದರು. ಗಾರೆ ಕೆಲಸದವರು, ಮನೆಕೆಲಸದ ಹೆಂಗಸರು, ಬೈಕಿನಲ್ಲಿ ಊಟ ತಲುಪಿಸುವ ಹುಡುಗರು. ಅವರು ಬೆಳಕು ಹರಿಯುವ ಮೊದಲೇ ಹೋಗಿ, ದೀಪ ಹಚ್ಚಿದ ಮೇಲೆ ಬರುವವರು. ಜೋರಾಗಿ ಮಾತಾಡುತ್ತಾರೆ, ನಲ್ಲಿಯ ಹತ್ತಿರ ಗಲಾಟೆ ಮಾಡುತ್ತಾರೆ ಎಂದು ಬೀದಿ ಮುಖ ಸಿಂಡರಿಸಿತು. ಅಕ್ಕನೂ ಸಿಂಡರಿಸಿದರು, ಸುಳ್ಳೇಕೆ ಹೇಳಲಿ. ಅವರ ಪಾತ್ರೆ ಜಗಲಿಯ ಮೇಲೆ ಬಂದು ಕೂರಲೇ ಇಲ್ಲ. ಯಾರೂ ಬೇಡ ಅನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ.

ಒಂದು ಬೆಳಿಗ್ಗೆ ಆ ರೂಮುಗಳಲ್ಲಿದ್ದ, ಊಟ ತಲುಪಿಸುವ ಹುಡುಗನೊಬ್ಬ, ಇಪ್ಪತ್ತೈದು ದಾಟಿರಬಹುದು, ಬೈಕ್ ನಿಲ್ಲಿಸಿ ಅಕ್ಕನ ಮುಂದೆ ಬಂದ. "ಯಕ್ಕಾ, ಎರಡು ಅಪ್ಪಂ ಜಲ್ದಿ ಕಟ್ಟಿಕೊಡ್ರಿ, ಡ್ಯೂಟಿಗಿ ಲೇಟ್ ಆಗ್ಯದ" ಎಂದ. ಅಕ್ಕನಿಗೆ ಆ ರಾಗ ಹೊಸದು. ಜಲ್ದಿ ಎಂಬ ಮಾತು ಕಿವಿಗೆ ಬಿತ್ತು, ಗಡ್ಡ ಕಣ್ಣಿಗೆ ಬಿತ್ತು. ಪಾಪ, ಹೈದರಾಬಾದಿನ ಕಡೆಯ ಹುಡುಗ, ನನಗೋಸ್ಕರ ಕನ್ನಡದಲ್ಲಿ ಒದ್ದಾಡುತ್ತಿದ್ದಾನೆ ಎಂದು ಅಂದಾಜು ಮಾಡಿ, ಪದ್ಧತಿಯಂತೆ ದಖನಿಗೆ ಹೊರಳಿದರು. "ಠೈರೋ ಬೇಟಾ, ಅಬ್ಬಿಚ್ ದೇತ್ಯೂಂ." ತಾಳು ಮಗಾ, ಈಗಲೇ ಕೊಡುತ್ತೇನೆ ಎಂದು.

"ನಾ ಕನ್ನಡದಾಗ ಕೇಳಾಕತ್ತೀನಿ, ನೀವ್ಯಾಕ ಹಿಂದ್ಯಾಗ ಹೇಳಾಕತ್ತೀರಿ?" ಎಂದ ಅವನು.

ಅಕ್ಕನಿಗೆ ಇನ್ನೂ ತಿಳಿಯಲಿಲ್ಲ. ಹುಡುಗ ಸಂಕೋಚಪಡುತ್ತಿದ್ದಾನೆ ಎಂದುಕೊಂಡು, ಪರವಾಗಿಲ್ಲ ಎಂದು ಮತ್ತೆ ದಖನಿಯಲ್ಲೇ ಹೇಳಿ ನಕ್ಕರು. ಅವನು ಜೇಬಿನಿಂದ ಫೋನ್ ತೆಗೆದು ಹಿಡಿದ. "ಮತ್ತೊಮ್ಮೆ ಹೇಳ್ರಿ, ಕನ್ನಡ ಯಾಕ ಮಾತಾಡಂಗಿಲ್ಲ ಹೇಳ್ರಿ" ಎಂದ. ಅಕ್ಕ ಫೋನ್ ಕಂಡು ನಾಚಿ ಇನ್ನಷ್ಟು ನಕ್ಕು ಸೌಟಿನ ಕೈಯಿಂದ ಬಾಯಿ ಮುಚ್ಚಿಕೊಂಡರು. ಅವನು ಅಪ್ಪಂ ತೆಗೆದುಕೊಳ್ಳದೆ ಬೈಕ್ ಹತ್ತಿದ. ನಾನು ಡಬ್ಬಿ ಹಿಡಿದು ಬಂದಾಗ ಬೈಕಿನ ಹೊಗೆ ಇನ್ನೂ ಅಲ್ಲೇ ಇತ್ತು. ಅಕ್ಕ ನಡೆದದ್ದನ್ನೆಲ್ಲ ಹೇಳಿ, "ಪಾವಂ ಕಣ್ಣು, ಪೈಯನುಕ್ಕು ಕೋವಂ ವಂದಿಡುಚ್ಚು" ಎಂದರು. ಪಾಪ, ಹುಡುಗನಿಗೆ ಕೋಪ ಬಂದುಬಿಟ್ಟಿತು. ಅವರಿಗೆ ಅದು ಅಷ್ಟೇ ಆಗಿತ್ತು.

ಎರಡು ದಿನ ಕಳೆದ ಮೇಲೆ ತುಮಕೂರಿನಿಂದ ನನ್ನ ಚಿಕ್ಕಪ್ಪನ ಮಗ ಆ ವಿಡಿಯೊ ಕಳಿಸಿದ. "ಇದು ನಿಮ್ಮ ಏರಿಯಾ ಅಲ್ವಾ? ನೋಡು ಹೆಂಗೆ ಕೊಬ್ಬಿದ್ದಾರೆ" ಎಂದು ಬರೆದಿದ್ದ. ತೆರೆದರೆ ಅಕ್ಕನ ನಗು. ಕನ್ನಡ ಯಾಕೆ ಮಾತಾಡಲ್ಲ ಎಂದು ಕೇಳುವ ದನಿ, ಉತ್ತರವಾಗಿ ಬಾಯಿ ಮುಚ್ಚಿಕೊಂಡು ನಗುವ ಹೆಂಗಸು. ಅದರ ಹಿಂದು ಮುಂದು ಏನೂ ಇಲ್ಲ. ಉತ್ತರ ಭಾರತದಿಂದ ಬಂದು ಕನ್ನಡಿಗರನ್ನು ಅಣಕಿಸುವ ಹೆಂಗಸು ಎಂದು ಯಾರೋ ತಲೆಬರಹ ಕೊಟ್ಟಿದ್ದರು. ಆರ್ಕಾಟು ಯಾವಾಗ ಉತ್ತರಕ್ಕೆ ಹೋಯಿತೋ ನನಗೆ ಗೊತ್ತಿಲ್ಲ. ಕೆಳಗೆ ಬರೆದ ಮಾತುಗಳನ್ನು ಇಲ್ಲಿ ಬರೆಯಲಾರೆ. ನಾನು ಇಡೀ ಜೀವಮಾನ ಕಲಿಸಿದ ಅಕ್ಷರಗಳಲ್ಲೇ ಅವನ್ನು ಬರೆದಿದ್ದರು. ಫೋನನ್ನು ಮಂಚದ ಮೇಲೆ ಎಸೆದೆ.

ಆ ಭಾನುವಾರ ಪಾತ್ರೆಗಳು ಎಂದಿನಂತೆ ಕೂತಿದ್ದವು. ಅಕ್ಕನಿಗೆ ವಿಡಿಯೊದ ವಿಷಯ ಗೊತ್ತಾಗಿತ್ತು. ನರ್ಸ್ ಕೆಲಸದಲ್ಲಿರುವ ಮಗಳು ತೋರಿಸಿ, ಒಂದು ವಾರ ಒಲೆ ಹಚ್ಚಬೇಡ ಎಂದು ಹೇಳಿದ್ದಳಂತೆ. "ನಾನೇನು ಕಳ್ಳತನ ಮಾಡಿದ್ನಾ?" ಎಂದು ಅಕ್ಕ ಒಲೆ ಹಚ್ಚಿ ಕೂತಿದ್ದರು. ನಾನು ಮನೆಯ ಗೇಟಿನಲ್ಲಿ ಪೇಪರ್ ಎತ್ತಿಕೊಳ್ಳುತ್ತಿದ್ದೆ. ನಾಲ್ಕೈದು ಗಂಡಸರು ಎರಡು ಗಾಡಿಗಳಲ್ಲಿ ಬಂದಿಳಿದರು. ಯಾರೂ ನಮ್ಮ ಬೀದಿಯವರಲ್ಲ. ಯಾವ ಸಂಘದವರು ಎಂದೂ ಹೇಳಲಿಲ್ಲ. ಒಬ್ಬ ಫೋನ್ ಎತ್ತಿ ಹಿಡಿದ, ಇನ್ನೊಬ್ಬ ಜಗಲಿಗೆ ಕಾಲು ಕೊಟ್ಟು ನಿಂತ.

"ಏನಮ್ಮಾ, ಇಲ್ಲಿ ದುಡ್ಕೊಂಡು ತಿಂತೀರಾ, ಕನ್ನಡ ಮಾತಾಡೋಕೆ ನಗು ಬರುತ್ತಾ? ಕ್ಯಾಮೆರಾ ನೋಡ್ಕೊಂಡು ಕ್ಷಮೆ ಕೇಳಿ. ಕನ್ನಡದಲ್ಲಿ ಕೇಳಿ."

ಅಕ್ಕನಿಗೆ ಕನ್ನಡ ಬರುತ್ತದೆ. ನನ್ನ ಅಮ್ಮನ ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕ ಕೂತು ಗಂಟೆಗಟ್ಟಲೆ ಕನ್ನಡದಲ್ಲಿ ಹರಟಿದವರು ಅವರು. ಆದರೆ ಹೆದರಿದ ಬಾಯಿಗೆ ಹುಟ್ಟಿದಾಗಿನ ಮಾತೇ ಬರುವುದು. "ಮನ್ನಿಚ್ಚುಡುಂಗ ತಂಬಿ" ಎಂದರು. ಕ್ಷಮಿಸಿಬಿಡಪ್ಪಾ ಎಂದೇ ಅದರ ಅರ್ಥ. ಅದು ತಮಿಳಾಗಿತ್ತು. ಅಲ್ಲಿಗೆ ಕೂಗಾಟ ಶುರುವಾಯಿತು. "ಈಗ ತಮಿಳಾ? ಈಗ ತಮಿಳು ಬೇರೆನಾ?" ಯಾರದೋ ಕಾಲು ತಗುಲಿ ಹಿಟ್ಟಿನ ಪಾತ್ರೆ ಮಗುಚಿತು. ಬಿಳಿ ಹಿಟ್ಟು ಜಗಲಿಯಿಂದ ಮೋರಿಗೆ ಇಳಿಯತೊಡಗಿತು.

ಬೀದಿಯ ಕಿಟಕಿಗಳಲ್ಲೆಲ್ಲ ಮುಖಗಳಿದ್ದವು. ಎದುರು ಮನೆಯ ಭಾಯಿ, ಅಕ್ಕನ ಮಗಳ ಮದುವೆಯಲ್ಲಿ ಸ್ವಂತ ಅಣ್ಣನಂತೆ ಓಡಾಡಿದವರು, ಗೇಟಿನ ಸರಳು ಹಿಡಿದು ನಿಂತಿದ್ದರು. ನಾನು ಅವರತ್ತ ನೋಡಿದೆ. ಅವರು ಸಣ್ಣ ದನಿಯಲ್ಲಿ, "ಟೀಚರ್, ನಾನು ಬಂದ್ರೆ ಇದು ಬೇರೆ ಥರಾ ಆಗೋಗುತ್ತೆ. ನೀವು ಕನ್ನಡದೋರು. ನೀವೇ ಹೇಳ್ಬೇಕು" ಎಂದರು. ಅವರ ಬಾಯಲ್ಲಿ ನಾನು ಕನ್ನಡದೋಳು ಆದದ್ದು ಅದೇ ಮೊದಲು. ಅಲ್ಲಿಯವರೆಗೆ ನಾನು ಟೀಚರ್ ಆಗಿದ್ದೆ, ಪಾಯಾ ತಿನ್ನದ ಮನೆಯವಳಾಗಿದ್ದೆ, ಅಷ್ಟೇ. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದಕ್ಕೇ ನನ್ನ ಹೊಟ್ಟೆ ಉರಿಯಿತು.

ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿ ನನ್ನದು, ಅದು ಇನ್ನೂ ಸತ್ತಿಲ್ಲ.

"ಕಾಲು ತೆಗೆಯಪ್ಪಾ ಜಗಲಿಯಿಂದ. ಅನ್ನ ಮಾಡುವ ಜಾಗದಲ್ಲಿ ಚಪ್ಪಲಿ ಕಾಲಿಡುವುದನ್ನು ಯಾವ ಕನ್ನಡ ಕಲಿಸಿತು ನಿನಗೆ?"

ಅವನು ಕಾಲು ತೆಗೆದ. ಆ ಕ್ಷಣಕ್ಕೆ ನನಗೆ ಖುಷಿಯೇ ಆಯಿತು. ಈ ಹೆಂಗಸು ಇಲ್ಲೇ ಹುಟ್ಟಿದವರು, ನಿಮ್ಮೆಲ್ಲರಿಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾರೆ, ಆ ಹುಡುಗನ ಮಾತಿನ ರಾಗ ಇವರಿಗೆ ಹೊಸದು, ಅವನಿಗೆ ಅನುಕೂಲವಾಗಲಿ ಎಂದು ಹಾಗೆ ಮಾತಾಡಿದರು, ಎಂದೆಲ್ಲ ಹೇಳಿದೆ. ಅವರು ಕೇಳುತ್ತಿದ್ದುದು ನಾನು ಹೇಳುತ್ತಿದ್ದುದನ್ನಲ್ಲ, ಹೇಳುತ್ತಿದ್ದ ಭಾಷೆಯನ್ನು. ಫೋನ್ ಹಿಡಿದವನು ಕೈ ಇಳಿಸಿದ. ಕಾಲಿಟ್ಟಿದ್ದವನು ಮೆತ್ತಗೆ, "ತಾವು ಯಾವ ಊರಿನೋರಮ್ಮಾ?" ಎಂದ.

ನಾನು ಹಲಸೂರಿನವಳು. ಯಾರು ಕೇಳಿದರೂ ಹಾಗೇ ಹೇಳಿಕೊಂಡು ಬಂದವಳು. ಅವತ್ತು ಬಾಯಿಂದ ಬಂದದ್ದು, "ತುಮಕೂರು ಕಡೆ."

"ಹಂಗೆ ಹೇಳಿ ಮತ್ತೆ" ಎಂದು ಅವನು ನಕ್ಕ. ಎಲ್ಲವೂ ಸಲೀಸಾಯಿತು. ನಿಮ್ಮ ಮುಖ ನೋಡಿ ಬಿಡ್ತಾ ಇದ್ದೀವಿ, ಕನ್ನಡದಲ್ಲಿ ಒಂದು ಬೋರ್ಡ್ ಹಾಕಿಸಿ, ಇನ್ನು ಮುಂದೆ ಕನ್ನಡದಲ್ಲೇ ವ್ಯವಹಾರ ಮಾಡೋಕೆ ಹೇಳಿ, ಎಂದರು. ಒಬ್ಬ ಹೋಗುವಾಗ ನನಗೆ ಕೈ ಮುಗಿದ. ಗಾಡಿಗಳು ಹೋದ ಮೇಲೆ ತಿರುಗಿ ನೋಡಿದರೆ ಬಾಣಲೆಯಲ್ಲಿ ಅಪ್ಪಂ ಸೀದು ಕರಕಲಾಗಿತ್ತು, ಅಕ್ಕ ಅದನ್ನೇ ನೋಡುತ್ತಾ ಕೂತಿದ್ದರು. ಹಳದಿ ದಾರದ ಬಾಣಲೆ. ನನ್ನ ಸರದಿಯ ಅಪ್ಪಂ. ನಾನು ಅವರ ಹೆಗಲು ಮುಟ್ಟಿ, ಭಯ ಬೇಡ ಎಂದು ತಮಿಳಿನಲ್ಲಿ ಹೇಳಹೋದೆ. ಅವರು ತಟ್ಟನೆ ನನ್ನ ಬಾಯಿಗೆ ಕೈ ಅಡ್ಡ ಇಟ್ಟು ಬೀದಿಯ ತುದಿಯ ಕಡೆ ನೋಡಿದರು.

ಮರುದಿನದಿಂದ ಬಾಗಿಲು ಮುಚ್ಚಿತು. ಭಾನುವಾರ ಬಂದಾಗ ಜಗಲಿ ಬರಿದಾಗಿತ್ತು. ಎದುರು ಮನೆಯಿಂದ ಪಾಯಾದ ವಾಸನೆಯೂ ಬರಲಿಲ್ಲ. ಆಪಾ ನನ್ನನ್ನು ಗೇಟಿನಲ್ಲಿ ನಿಲ್ಲಿಸಿ, "ನಾವು ಒಳಗಿಂದ ನೋಡ್ತಾ ನಿಂತ್ಬಿಟ್ವಿ. ಅವಳ ಮುಖ ಹೆಂಗೆ ನೋಡೋದು ಹೇಳಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಬಾಗಿಲು ಬಡಿದರೆ ಅಕ್ಕ ತಲೆನೋವು ಎನ್ನುತ್ತಿದ್ದರು, ಮಗಳ ಮುಖಾಂತರ. ನನಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಅಕ್ಕ ಮತ್ತೆ ಒಲೆ ಹಚ್ಚಬೇಕು, ತಡವಾಗಿ ಹೋದರೆ ನನ್ನನ್ನು ಗದರಬೇಕು, ಕಣ್ಣು ಎಂದು ಕರೆಯಬೇಕು. ಅದು ತಪ್ಪಿಹೋಗುತ್ತದೆ ಎಂಬ ಭಯದಲ್ಲಿ ನನಗೆ ಊಟ ರುಚಿಸುತ್ತಿರಲಿಲ್ಲ.

ಅಷ್ಟರಲ್ಲಿ ಆ ಹುಡುಗ ನನ್ನನ್ನು ಹುಡುಕಿಕೊಂಡು ಬಂದ. ಬಾಗಿಲಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತವನನ್ನು ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡ.

"ಖರೇ ಅದ ರೀ, ತಪ್ಪು ನಂದೇ. ಸ್ಟೇಟಸ್ ಹಾಕಿದ್ದೆ ಅಷ್ಟ. ರೂಮಿನ ಹುಡುಗ್ರು ತಗೊಂಡು ಎಲ್ಲಾ ಕಡಿ ಕಳಿಸಿಬಿಟ್ರು. ಆ ಮಂದಿ ಯಾರಂತನೂ ನನಗ ಗೊತ್ತಿಲ್ರಿ."

"ಆಯಮ್ಮ ನಿನಗೇನು ಮಾಡಿದ್ದರು?"

"ಏನೂ ಮಾಡಿಲ್ರಿ." ಹೆಲ್ಮೆಟ್ ಕೆಳಗಿಟ್ಟು ಹೇಳಿದ. "ಇಲ್ಲಿ ನಾ ಬಾಯಿ ತೆರದ್ರ ಸಾಕು, ಹಿಂದಿ ಶುರು ಮಾಡ್ತಾರ್ರಿ. ಗೇಟಿನ್ಯಾಗ ಹಿಂದಿ, ಲಿಫ್ಟಿನ್ಯಾಗ ಇಂಗ್ಲಿಷು. ಕನ್ನಡದೋರ ಸುದ್ದಾ, ನಿಂದು ಯಾವ ಭಾಷೆ ಗುರು ಅಂತ ನಗ್ತಾರ. ಅದು ನಮ್ಮವ್ವ ಮಾತಾಡೋ ಕನ್ನಡ ರೀ. ಕನ್ನಡ ಮಾತಾಡಾಕಂತ ಪಾಕಿಸ್ತಾನಕ್ಕ ಹೋಗಬೇಕೇನ್ರಿ ನಾ? ಅವತ್ತ ಆ ಯಕ್ಕ ನಕ್ಕಿದ್ದು ನೋಡಿ ತಡಕೊಳ್ಳಾಕಾಗ್ಲಿಲ್ಲ."

ನನ್ನ ಸಿಟ್ಟು ನಿಲ್ಲಲು ಜಾಗವಿಲ್ಲದೆ ಕೆಳಗಿಳಿಯಿತು. ನಮ್ಮ ಬೀದಿಗೆ ತಮಿಳು ಬರುತ್ತಿತ್ತು, ದಖನಿ ಬರುತ್ತಿತ್ತು, ತೆಲುಗು, ಮಲಯಾಳಂ, ಚರ್ಚಿನ ಇಂಗ್ಲಿಷು ಎಲ್ಲ ಬರುತ್ತಿತ್ತು. ನಮ್ಮದೇ ರಾಜ್ಯದ ಈ ಹುಡುಗನ ಕನ್ನಡ ಮಾತ್ರ ಬರುತ್ತಿರಲಿಲ್ಲ. ವರ್ಷಗಟ್ಟಲೆ ನಮ್ಮ ನಲ್ಲಿಯ ಮುಂದೆ, ನಮ್ಮ ಕಿಟಕಿಯ ಕೆಳಗೆ ಅವರು ಮಾತಾಡುತ್ತಲೇ ಇದ್ದರು. ಗಲಾಟೆ ಎಂದು ನಾವು ಕಿಟಕಿ ಹಾಕಿಕೊಂಡಿದ್ದೆವು. ಆ ಕಿಟಕಿ ತೆರೆದಿದ್ದರೆ ಅಕ್ಕನ ಕಿವಿಯೂ ಪಳಗಿರುತ್ತಿತ್ತು. ಹುಡುಗನಿಗೆ ಕಾಫಿ ಕೊಟ್ಟೆ. ಕುಡಿದು, ಲೋಟ ತಾನೇ ತೊಳೆದಿಟ್ಟ. ನಾನು ಬೇಡ ಎಂದರೂ ಕೇಳಲಿಲ್ಲ.

ಅವನನ್ನು ಕರೆದುಕೊಂಡು ಅಕ್ಕನ ಬಾಗಿಲಿಗೆ ಹೋದೆ. ಈ ಸಲ ಅಕ್ಕನೇ ತೆರೆದರು. ಅವನು ಬಗ್ಗಿ ಅವರ ಕಾಲು ಮುಟ್ಟಿದ. "ತಪ್ಪಾತು ರೀ ಯಕ್ಕಾ" ಎಂದ. ಅಕ್ಕ ಹಿಂದೆ ಸರಿದರು. ನಂತರ ಒಂದೊಂದೇ ಮಾತನ್ನು ಆರಿಸಿಕೊಂಡು, "ಪರವಾಗಿಲ್ಲಪ್ಪ. ನನ್ನಿಂದಲೂ ತಪ್ಪಾಯಿತು. ನಾಳೆಯಿಂದ ಒಲೆ ಹಚ್ಚುತ್ತೇನೆ. ಬಂದು ತಿಂದುಕೊಂಡು ಹೋಗು" ಎಂದರು. ಹುಡುಗನ ಮುಖ ಅರಳಿತು. ಅವನು ನನ್ನತ್ತ ತಿರುಗಿ, "ಎಷ್ಟ್ ಛಂದ ಕನ್ನಡ ಮಾತಾಡ್ತಾರ್ರೀ ಯಕ್ಕ!" ಎಂದ. ನನಗೂ ಮನಸ್ಸು ಹಗುರವಾಯಿತು. ಎಲ್ಲ ಸರಿಹೋಯಿತು ಎಂದುಕೊಂಡು ಮನೆಗೆ ಬಂದು, ಅಟ್ಟದಿಂದ ಹಳೆಯ ಕಪ್ಪು ಹಲಗೆ ಇಳಿಸಿ, ಬಿಳಿ ಬಣ್ಣದಲ್ಲಿ ದುಂಡಗೆ ಬರೆದೆ: ಇಲ್ಲಿ ಅಪ್ಪಂ ಸಿಗುತ್ತದೆ. ಇಡೀ ಬೀದಿಗೆ ಕಣ್ಣು ಮುಚ್ಚಿಕೊಂಡು ಗೊತ್ತಿದ್ದ ಬಾಗಿಲಿಗೆ ಅದೊಂದು ಬೋರ್ಡು.

ಭಾನುವಾರ ಪಾತ್ರೆಗಳು ಮತ್ತೆ ಬಂದವು. ಆ ಹುಡುಗನದೊಂದು ಪ್ಲಾಸ್ಟಿಕ್ ಡಬ್ಬಿಯೂ ಸಾಲಿನಲ್ಲಿತ್ತು. ಅದನ್ನು ನೋಡಿ ನನಗೆ ನಿಜವಾಗಿಯೂ ಸಂತೋಷವಾಯಿತು. ಆಪಾ ಮುಂದೆ ನಿಂತಿದ್ದರು. ಅವರು ದಖನಿಯಲ್ಲಿ ಏನೋ ಕೇಳಿದರು. ಅಕ್ಕ ಬಾಣಲೆಯಿಂದ ಕಣ್ಣೆತ್ತದೆ, "ಹತ್ತು ನಿಮಿಷ ಆಗುತ್ತದೆ, ಕೂತ್ಕೊಳ್ಳಿ" ಎಂದರು. ಆಪಾ ತಬ್ಬಿಬ್ಬಾಗಿ ನನ್ನ ಮುಖ ನೋಡಿದರು. ಮೂಲೆ ಮನೆಯ ಮುದುಕರು ಇಂಗ್ಲಿಷಿನಲ್ಲಿ ಶುಭೋದಯ ಹೇಳಿದರೆ ಅವರಿಗೂ, "ನಮಸ್ಕಾರ ಸಾರ್." ಆ ಮುದುಕರಿಗೆ ಕನ್ನಡ ಅಷ್ಟಕ್ಕಷ್ಟೇ. ಅವರು ತಲೆಯಾಡಿಸಿ ಬೋಗುಣಿ ಇಟ್ಟು ಹೋದರು. ಯಾರೂ ಜಗಲಿಯ ಬಳಿ ನಿಂತು ಹರಟಲಿಲ್ಲ. ಅಪ್ಪಂ ಮಾತ್ರ ಎಂದಿನಂತೆ ಅಂಚು ಗರಿಗರಿಯಾಗಿ ಏಳುತ್ತಿತ್ತು.

ನನ್ನ ಸರದಿ ಬಂತು. ಅಪ್ಪನ ಹೆಸರಿನ ಡಬ್ಬಿ ಮುಂದಿಟ್ಟು, ಬೇಕೆಂದೇ ತಡವಾಗಿ ಬಂದಿದ್ದವಳು ನಾನು, ಗದರಲಿ ಎಂದು. "ಅಕ್ಕಾ, ನಾಲು ಅಪ್ಪಂ ಕುಡುಂಗ" ಎಂದೆ, ತಮಿಳಿನಲ್ಲಿ.

ಅಕ್ಕನ ಸೌಟು ನಿಂತಿತು. ಅವರು ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ನಿಂತು ಫೋನ್ ನೋಡುತ್ತಿದ್ದ ಯಾರೋ ಒಬ್ಬ ಗಿರಾಕಿಯನ್ನು ನೋಡಿದರು. ಅವನ ಕೈಯನ್ನು, ಫೋನ್ ಹಿಡಿದ ರೀತಿಯನ್ನು ನೋಡಿದರು.

"ಬನ್ನಿ ಮೇಡಂ" ಎಂದರು. "ನಿಮಗೆ ಎಷ್ಟು ಬೇಕು?"

ಆ ಕನ್ನಡದಲ್ಲಿ ಒಂದೂ ತಪ್ಪಿರಲಿಲ್ಲ. ಈ ಊರಿನ ಬಾಯಲ್ಲಿ ಅಂಥ ಕನ್ನಡ ಕೇಳಬೇಕೆಂದು ಆಯುಷ್ಯವನ್ನೇ ಸವೆಸಿದವಳು ನಾನು. ಅದನ್ನು ಕೇಳಿ ಬಿಕ್ಕಿ ಅಳಬೇಕೆನಿಸಿತು. ಇನ್ನೊಮ್ಮೆ ತಮಿಳಿನಲ್ಲಿ ಕೇಳಲೇ, ಜಗಳ ಆಡಲೇ, ಕಣ್ಣು ಅನ್ನಿ ಅಕ್ಕಾ ಎಂದು ಸೆರಗು ಹಿಡಿಯಲೇ ಎನಿಸಿತು. ನನ್ನ ಉತ್ತರ ಯಾವ ಭಾಷೆಯಲ್ಲಿ ಬರುತ್ತದೋ ಎಂದು ಅವರು ಕಾಯುತ್ತಿದ್ದರು.

ಎದುರಿಗಿರುವವರಿಗೆ ಯಾವುದು ಹಗುರವೋ ಅದರಲ್ಲಿ ಮಾತಾಡಬೇಕು. ನನಗೆ ಆ ಪದ್ಧತಿ ಕಲಿಸಿದವರು ಅವರೇ.

"ನಾಲ್ಕು ಕೊಡಿ" ಎಂದೆ, ಕನ್ನಡದಲ್ಲಿ. ಅಕ್ಕ ಉಸಿರು ಬಿಟ್ಟು, ಹಳದಿ ದಾರದ ಬಾಣಲೆಯನ್ನು ಒಲೆಯ ಮೇಲಿಟ್ಟರು.